ಮನೋವಿಜ್ಞಾನದ ಪ್ರವೇಶಗ್ರಂಥ ಮತ್ತು ಎರಡು ನುಡಿಯ ಮಗು

ಮನೋವಿಜ್ಞಾನದ ಪ್ರವೇಶಗ್ರಂಥಗಳಿಗೆ ಬಹುಮಟ್ಟಿಗೆ ಸ್ಥಿರವಾದ ಒಂದು ವಿನ್ಯಾಸವಿದೆ. ಮೊದಲು ಶಾಸ್ತ್ರದ ವ್ಯಾಖ್ಯೆ. ಅನಂತರ ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಾಲಯ. ಅಲ್ಲಿಂದ ರಚನಾವಾದ, ಕಾರ್ಯವಾದ, ಗೆಸ್ಟಾಲ್ಟ್, ಮನೋವಿಶ್ಲೇಷಣೆ, ವರ್ತನವಾದ, ಸಂಜ್ಞಾನವಾದ ಎಂಬ ಪಂಥಗಳ ಸಾಲು. ಕೊನೆಗೆ ಚಿಕಿತ್ಸಾ, ಶೈಕ್ಷಣಿಕ, ಸಾಮಾಜಿಕ ಮುಂತಾದ ವಿಶೇಷ ಶಾಖೆಗಳು. ಈ ಕ್ರಮದಲ್ಲಿ ಭಾಷೆಗೆ ದೊರೆಯುವುದು ಸಾಮಾನ್ಯವಾಗಿ ಆಲೋಚನೆಯೊಡನೆ ಹಂಚಿಕೊಂಡ ಒಂದು ಅಧ್ಯಾಯ. ಉಳಿದೆಡೆ ಮನಸ್ಸು ಯಾವ ನುಡಿಗೂ ಸೇರದ ವಸ್ತುವೆಂಬಂತೆ ನಿರೂಪಣೆ ಸಾಗುತ್ತದೆ. ಈ ನಿರೂಪಣೆಯನ್ನು ಆ ಶಾಸ್ತ್ರದ ಮೂಲಪಠ್ಯಗಳೇ ಒಪ್ಪುವುದಿಲ್ಲವೆಂಬುದು, ಮತ್ತು ಅದರ ಬೆಲೆಯನ್ನು ತೆರುವವರಲ್ಲಿ ಗಡಿನಾಡಿನ ಮಕ್ಕಳೂ ಇದ್ದಾರೆಂಬುದು ಪ್ರಸ್ತುತ ಲೇಖನದ ವಾದ.

ಮೊದಲಿಗೆ ವುಂಟ್‌ನನ್ನೇ ನೋಡೋಣ. ಪ್ರಯೋಗಾಲಯದ ಸ್ಥಾಪಕನೆಂದು ಆತನನ್ನು ಸ್ಮರಿಸುವ ಗ್ರಂಥಗಳು 1900ರಿಂದ 1920ರವರೆಗೆ ಆತ ಹತ್ತು ಸಂಪುಟಗಳಲ್ಲಿ ಹೊರತಂದ ಜನಾಂಗ ಮನೋವಿಜ್ಞಾನದ ಬೃಹತ್ ಕೃತಿಯನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ, ಇಲ್ಲವೆ ಬಿಟ್ಟೇಬಿಡುತ್ತವೆ. ಸಂವೇದನೆಯಂತಹ ಸರಳ ಪ್ರಕ್ರಿಯೆಗಳನ್ನು ಪ್ರಯೋಗದಿಂದ ಅರಿಯಬಹುದು. ಉನ್ನತ ಮಾನಸಿಕ ಪ್ರಕ್ರಿಯೆಗಳನ್ನು ಅರಿಯಲು ಭಾಷೆ, ಪುರಾಣ, ಆಚಾರಗಳನ್ನು ಅಭ್ಯಸಿಸಬೇಕು ಎಂಬುದು ವುಂಟ್‌ನ ನಿಲುವಾಗಿತ್ತು. ಆ ಕೃತಿ ಆರಂಭವಾಗುವುದೇ ಭಾಷೆಯ ವಿವೇಚನೆಯಿಂದ. ಹೀಗೆ ಶಾಸ್ತ್ರದ ಸ್ಥಾಪಕನು ಎರಡು ಬಾಗಿಲುಗಳನ್ನು ತೆರೆದಿದ್ದನು. ಪಠ್ಯಪರಂಪರೆ ಒಂದನ್ನು ಮಾತ್ರ ಉಳಿಸಿಕೊಂಡಿತು.

ಮನೋವಿಶ್ಲೇಷಣೆಯ ಕಥೆ ಇನ್ನೂ ಸ್ವಾರಸ್ಯಕರ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಪ್ರಕಟಿಸಿದ ಗ್ರಂಥದಲ್ಲಿ ಅನ್ನಾ ಓ. ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಯುವತಿ ಅಸ್ವಸ್ಥತೆಯ ಕಾಲದಲ್ಲಿ ತನ್ನ ತಾಯ್ನುಡಿಯಾದ ಜರ್ಮನನ್ನು ಕಳೆದುಕೊಂಡು ಇಂಗ್ಲಿಷಿನಲ್ಲಿ ಮಾತ್ರ ಮಾತನಾಡುತ್ತಿದ್ದಳು. 'ಮಾತಿನ ಚಿಕಿತ್ಸೆ' ಎಂಬ ಪ್ರಸಿದ್ಧ ಹೆಸರನ್ನು ಕೊಟ್ಟವಳು ಅವಳೇ, ಕೊಟ್ಟದ್ದು ಇಂಗ್ಲಿಷಿನಲ್ಲಿ. ಮುಂದೆ ಫ್ರಾಯ್ಡ್ ತಾನು ಸಿನ್ಯೊರೆಲ್ಲಿ ಎಂಬ ಚಿತ್ರಕಾರನ ಹೆಸರನ್ನು ಮರೆತ ಪ್ರಸಂಗವನ್ನು ವಿಶ್ಲೇಷಿಸುವಾಗ, ಆ ಹೆಸರಿನಲ್ಲಿರುವ ಇಟಾಲಿಯನ್ 'ಸಿನ್ಯೋರ್' ಪದವನ್ನು ಜರ್ಮನ್ 'ಹೆರ್' ಪದಕ್ಕೂ, ಅದನ್ನು ಹೆರ್ಜೆಗೋವಿನಾ ಎಂಬ ಸ್ಥಳನಾಮಕ್ಕೂ ಜೋಡಿಸುತ್ತಾನೆ. ಈ ವಿವರಣೆಯನ್ನು ಸೆಬಾಸ್ಟಿಯಾನೊ ಟಿಂಪನಾರೊ ಗ್ರಂಥಸಂಪಾದನೆಯ ತರ್ಕದಿಂದ ಬಲವಾಗಿ ಪ್ರಶ್ನಿಸಿದ್ದಾನೆ. ಆದರೆ ವಿವರಣೆ ಸರಿಯೋ ತಪ್ಪೋ, ಅದು ಎರಡು ಭಾಷೆಗಳ ನಡುವೆಯೇ ನಡೆಯುತ್ತದೆ. ಪ್ರವೇಶಗ್ರಂಥಕ್ಕೆ ಬರುವಷ್ಟರಲ್ಲಿ ಈ ಭಾಷೆಗಳು ಅಳಿಸಿಹೋಗಿ, 'ದಮನ', 'ಸುಪ್ತಪ್ರಜ್ಞೆ' ಎಂಬ ಪಾರಿಭಾಷಿಕ ಪದಗಳಷ್ಟೇ ಉಳಿಯುತ್ತವೆ.

1913ರಲ್ಲಿ ವಾಟ್ಸನ್ ಸಾರಿದ ವರ್ತನವಾದವು ಅಂತರವಲೋಕನವನ್ನು ನಿರಾಕರಿಸಿತು. 1957ರಲ್ಲಿ ಸ್ಕಿನ್ನರ್ ಭಾಷೆಯನ್ನೂ ವರ್ತನೆಯೆಂದೇ ವಿವರಿಸಿದನು. 1959ರಲ್ಲಿ ಚಾಮ್‌ಸ್ಕಿ ಬರೆದ ವಿಮರ್ಶೆಯು ಆ ವಿವರಣೆಯನ್ನು ಅಲುಗಾಡಿಸಿತು. ಭಾಷೆಗೆ ಕೇಂದ್ರಸ್ಥಾನ ದೊರೆತ ಆ ಕ್ಷಣದಲ್ಲಿಯೂ ದ್ವಿಭಾಷಿಕನಿಗೆ ಸ್ಥಾನ ಸಿಗಲಿಲ್ಲವೆಂಬುದನ್ನು ಗಮನಿಸಬೇಕು. ಚಾಮ್‌ಸ್ಕಿ 1965ರಲ್ಲಿ ಸಿದ್ಧಾಂತದ ಆಧಾರವಾಗಿ ಕಲ್ಪಿಸಿಕೊಂಡದ್ದು ಪೂರ್ಣ ಏಕರೂಪದ ಭಾಷಾಸಮುದಾಯದಲ್ಲಿ ಬಾಳುವ ಆದರ್ಶ ಭಾಷಿಕನನ್ನು. ಅಂತಹ ಸಮುದಾಯ ಅಕ್ಕಲಕೋಟೆಯಲ್ಲಿಲ್ಲ, ಕಾಸರಗೋಡಿನಲ್ಲಿಲ್ಲ, ತಾಳವಾಡಿಯಲ್ಲಿಯೂ ಇಲ್ಲ.

ಇದು ಕೇವಲ ಸೈದ್ಧಾಂತಿಕ ಲೋಪವಾಗಿದ್ದರೆ ಅಷ್ಟಾಗಿ ಚಿಂತಿಸಬೇಕಿರಲಿಲ್ಲ. ಆದರೆ ಮನೋವಿಜ್ಞಾನವು ಶಾಲೆಯೊಳಗೆ ಬರುವುದು ಅಳತೆಗೋಲಾಗಿ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೊನ್ ರೂಪಿಸಿದ ಬುದ್ಧಿಪರೀಕ್ಷೆಯ ಉದ್ದೇಶ, ಕಲಿಕೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು. ಬುದ್ಧಿಯನ್ನು ಬದಲಾಗದ ಪ್ರಮಾಣವೆಂದು ಭಾವಿಸುವುದನ್ನು ಬಿನೆಯೇ ವಿರೋಧಿಸಿದ್ದನು. ಈ ಪರೀಕ್ಷೆಯ ಇತಿಹಾಸದಲ್ಲಿ ಕನ್ನಡಕ್ಕೆ ಗಣ್ಯವಾದ ಸ್ಥಾನವಿದೆ: ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅದನ್ನು ಪರಿಷ್ಕರಿಸಿ, 1934ರಲ್ಲಿ ಆ ಕುರಿತು ಲೇಖನವನ್ನೂ 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದೇಶದಾದ್ಯಂತ ಬಳಕೆಗೆ ಬಂದಿತು. ಎರಡು ನುಡಿಗಳ ಮಕ್ಕಳನ್ನು ಏಕಕಾಲಕ್ಕೆ ಕಣ್ಣೆದುರಿಗಿಟ್ಟುಕೊಂಡು ಆರಂಭವಾದ ಈ ಕಾರ್ಯಕ್ಕೆ ನಮ್ಮ ಪ್ರವೇಶಗ್ರಂಥಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಸಲ್ಲಬೇಕು.

ಭಾಷಾಂತರದಲ್ಲಿ ಅಳತೆ ಹೇಗೆ ಬದಲಾಗಬಹುದೆಂಬುದಕ್ಕೆ ಒಂದು ನಿದರ್ಶನ ಸಾಕು. ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಮರಳಿ ಹೇಳುವುದು ಬಿನೆ ಮಾದರಿಯ ಪರೀಕ್ಷೆಗಳ ಒಂದು ಅಂಗ. ಎಲ್ಲಿಸ್ ಮತ್ತು ಹೆನ್ನೆಲಿ 1980ರಲ್ಲಿ ವೆಲ್ಷ್ ಭಾಷೆಯ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷಿನವಕ್ಕಿಂತ ಹೆಚ್ಚು ಸಮಯ ಹಿಡಿಯುವುದರಿಂದ, ಅದೇ ದ್ವಿಭಾಷಿಕರ ಅಂಕಿಸ್ಮರಣೆ ವೆಲ್ಷಿನಲ್ಲಿ ಕಡಿಮೆಯೆಂದು ಕಾಣಿಸುತ್ತದೆಂದು ತೋರಿಸಿದರು. ಕುಂದಿದ್ದು ನೆನಪಿನ ಶಕ್ತಿಯಲ್ಲ, ಉದ್ದವಾದದ್ದು ಪದ. ಈಗ ಸೊಲ್ಲಾಪುರದ ಮಗುವೊಂದನ್ನು ಊಹಿಸಿಕೊಳ್ಳಿ. ಮರಾಠಿಯಲ್ಲಿ ಏಕ್, ದೋನ್, ತೀನ್, ಚಾರ್, ಪಾಚ್ ಎಂಬ ಅಂಕಿಗಳು ಒಂದೊಂದೇ ಉಚ್ಚಾರಾಂಶದಲ್ಲಿ ಮುಗಿಯುತ್ತವೆ. ಕನ್ನಡದ ಒಂದು, ಎರಡು, ಮೂರು, ನಾಲ್ಕು, ಐದು ಎಂಬವುಗಳಲ್ಲಿ ಎರಡು ಉಚ್ಚಾರಾಂಶಗಳಿಗಿಂತ ಕಡಿಮೆಯದು ಒಂದೂ ಇಲ್ಲ. ಕನ್ನಡದಲ್ಲಿ ಪರೀಕ್ಷಿತವಾದ ಮಗುವಿನ ಅಂಕವನ್ನು ಮರಾಠಿಯಲ್ಲಿ ಪರೀಕ್ಷಿತವಾದ ಮಗುವಿನ ಅಂಕದ ಪಕ್ಕದಲ್ಲಿಡುವ ಮುನ್ನ ಈ ಪ್ರಶ್ನೆಯನ್ನು ಕೇಳಲೇಬೇಕು.

ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೂ ಇತಿಹಾಸವೇ ಸಾಕ್ಷಿ. 1923ರಲ್ಲಿ ಡಿ. ಜೆ. ಸೇರ್ ವೇಲ್ಸ್‌ನ ಗ್ರಾಮೀಣ ದ್ವಿಭಾಷಿಕ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದುಳಿದಿದ್ದಾರೆಂದು ವರದಿ ಮಾಡಿದನು. ಪಟ್ಟಣದ ಮಕ್ಕಳಲ್ಲಿ ಅಂತಹ ಅಂತರ ಕಾಣದಿದ್ದರೂ, ಎರಡು ನುಡಿ ಬುದ್ಧಿಗೆ ಹೊರೆಯೆಂಬ ನಂಬಿಕೆ ದಶಕಗಳವರೆಗೆ ಬೇರೂರಿತು. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್, ಮಕ್ಕಳ ಕುಟುಂಬಗಳ ಸಾಮಾಜಿಕ ಸ್ಥಿತಿಯನ್ನು ಸಮಗೊಳಿಸಿ ನೋಡಿದಾಗ ಫಲಿತಾಂಶ ತಿರುವುಮುರುವಾಯಿತು. ಒಡಿಶಾದ ಕೊಂಧ ಸಮುದಾಯದಲ್ಲಿ ಅಜಿತ್ ಮೊಹಾಂತಿಯವರು ಕುಯಿ–ಒಡಿಯಾ ದ್ವಿಭಾಷಿಕ ಮಕ್ಕಳನ್ನು ಒಡಿಯಾ ಮಾತ್ರ ಬಲ್ಲ ಅದೇ ಸಮುದಾಯದ ಮಕ್ಕಳೊಡನೆ ಹೋಲಿಸಿ, ದ್ವಿಭಾಷಿಕತೆಯ ಅನುಕೂಲವನ್ನೇ ಕಂಡರು. ದ್ವಿಭಾಷಿಕರಿಗೆ ಎಲ್ಲೆಡೆಯೂ ಮೇಲುಗೈ ಎಂಬ ಮಾತನ್ನು ಈಚಿನ ಹಲವು ಅಧ್ಯಯನಗಳು ಸಂದೇಹಿಸಿವೆ. ಅದನ್ನು ಅಭಿಮಾನದಿಂದ ಮುಚ್ಚಿಡಬೇಕಾಗಿಲ್ಲ. ನಮಗೆ ಬೇಕಾದದ್ದು ಮೇಲುಗೈಯ ಪ್ರಮಾಣಪತ್ರವಲ್ಲ, ನ್ಯಾಯವಾದ ಅಳತೆ.

ಪರೀಕ್ಷೆಯನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಆ ನ್ಯಾಯ ದೊರೆಯುವುದೂ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಕುಳಿತ ಮಗುವಿನ ಮನೆಮಾತು ತುಳುವಾಗಿರಬಹುದು, ಕೊಂಕಣಿ, ಮರಾಠಿ ಅಥವಾ ಬ್ಯಾರಿಯಾಗಿರಬಹುದು, ನೀಲಗಿರಿಯಲ್ಲಿ ಬಡಗ. ಅಂತಹ ಮಗುವಿನ ಎದುರು ಕನ್ನಡವೂ ಅಧಿಕಾರದ ನುಡಿಯಾಗಿ ನಿಲ್ಲಬಲ್ಲದು. ಮರಾಠಿ, ಮಲಯಾಳ, ತಮಿಳುಗಳ ಎದುರು ನಾವು ಕೇಳುವ ನ್ಯಾಯವನ್ನು ಆ ಮಗು ನಮ್ಮೆದುರು ಕೇಳಲು ಹಕ್ಕುಳ್ಳದ್ದು.

ಆದುದರಿಂದ ಕನ್ನಡದಲ್ಲಿ ಮುಂದೆ ಬರಬೇಕಾದ ಪ್ರವೇಶಗ್ರಂಥವು ಭಾಷೆಯ ಅಧ್ಯಾಯವನ್ನು ಹಿಗ್ಗಿಸಿದರೆ ಸಾಲದು. ಪ್ರತಿ ಪಂಥವನ್ನು ಪರಿಚಯಿಸುವಾಗಲೂ ಆ ಪ್ರಯೋಗದಲ್ಲಿ ಮಾತನಾಡಿದವರು ಯಾರು, ಯಾವ ನುಡಿಯಲ್ಲಿ, ಕೇಳಿಸಿಕೊಂಡವರು ಯಾರು ಎಂಬುದನ್ನು ಅದು ಹೇಳಬೇಕು. ಗಡಿನಾಡಿನಲ್ಲಿ ಅಂತಹ ಪುಸ್ತಕವನ್ನು ಓದಿದ ಅಧ್ಯಾಪಕರು, ಉತ್ತರಿಸಲು ತಡವರಿಸುವ ಮಗುವನ್ನು ಮಂದಬುದ್ಧಿಯೆಂದು ಬರೆದಿಡುವ ಮುನ್ನ, ಅದೇ ಪ್ರಶ್ನೆಯನ್ನು ಅದರ ಮನೆಮಾತಿನಲ್ಲಿ ಇನ್ನೊಮ್ಮೆ ಕೇಳಿಸುವರು.