‘ನಿರಾಶ್ರಿತ’ ಎಂಬ ಪದವನ್ನು ಓದುತ್ತಾ

‘ಆಶ್ರಯ’ ಎಂಬ ಪದಕ್ಕೆ ಕನ್ನಡದಲ್ಲಿ ಅರಮನೆಯ ನೆನಪು ಅಂಟಿಕೊಂಡಿದೆ. ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು ಎಂದು ಸಾಹಿತ್ಯ ಚರಿತ್ರೆಯಲ್ಲಿ ಓದುತ್ತೇವೆ. ಅಲ್ಲಿ ಕೊಡುವವನು ದೊರೆ, ಪಡೆದವನು ಋಣಿ. ‘ನಿರಾಶ್ರಿತ’ ಹುಟ್ಟಿದ್ದೂ ಇದೇ ಪದದಿಂದ. ಬಹುಶಃ ಅದಕ್ಕೇ ನಾವು ನಿರಾಶ್ರಿತರ ಬಗ್ಗೆ ಬರೆದಾಗ ಸರ್ಕಾರದ ಕರ್ತವ್ಯವು ಔದಾರ್ಯದ ಕತೆಯಾಗಿಬಿಡುತ್ತದೆ.

ಬೈಲಕುಪ್ಪೆಯನ್ನೇ ನೋಡಿ. ನಾನಿರುವ ಸರಸ್ವತಿಪುರಂನಿಂದ ಅದು ಸುಮಾರು 80 ಕಿಲೋಮೀಟರ್ ದೂರ. 1960ರ ಸುಮಾರಿಗೆ ಮೈಸೂರು ರಾಜ್ಯ ಸರ್ಕಾರ ಟಿಬೆಟನ್ನರಿಗೆ ಅಲ್ಲಿ ಸುಮಾರು 3,000 ಎಕರೆ ಜಮೀನು ಒದಗಿಸಿತು. ದೊಡ್ಡ ಕೆಲಸವೇ ಸರಿ. ಆದರೆ ನಮ್ಮ ಎಷ್ಟೋ ಪ್ರವಾಸ ಬರಹಗಳು ಸ್ವರ್ಣಮಂದಿರವನ್ನೂ ನಾಡಿನ ದೊಡ್ಡ ಮನಸ್ಸನ್ನೂ ಹೊಗಳಿ ಬಸ್ಸು ಹತ್ತುತ್ತವೆ. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಎಂದು ಕಾನೂನಿದ್ದರೂ, ಅದನ್ನು ದಕ್ಕಿಸಿಕೊಳ್ಳಲು ಟಿಬೆಟನ್ನರು ಕೋರ್ಟಿಗೆ ಹೋಗಬೇಕಾಯಿತು ಎಂಬ ಸಂಗತಿ ಆ ಬರಹಗಳಿಗೆ ಬೇಕಾಗುವುದಿಲ್ಲ.

ಔದಾರ್ಯದ ತೊಂದರೆಯೆಂದರೆ, ಅದು ಆಳುವವರ ಮರ್ಜಿ. ‘ಅತಿಥಿ’ಗೆ ಜಮೀನು, ‘ನುಸುಳುಕೋರ’ನಿಗೆ ಜೆಸಿಬಿ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ‘ಬಾಂಗ್ಲಾದೇಶಿಗಳು’ ಎಂಬ ಶಂಕೆಯ ಮೇಲೆ ಕೂಲಿಕಾರರ ಗುಡಿಸಲುಗಳನ್ನು ಕೆಡವಲಾಯಿತು. ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ಉತ್ತರ ಕರ್ನಾಟಕದವರೂ ಅಲ್ಲಿದ್ದರು. ಕೊನೆಗೆ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು.

‘ಅವರು ಭಾರತೀಯರೇ’ ಎಂದು ಆಗ ಹಲವರು ವಾದಿಸಿದರು. ಆ ವಾದ ನಿಜ, ಆದರೆ ಸಾಲದು. ಅವರು ಗಡಿ ದಾಟಿ ಬಂದವರೇ ಆಗಿದ್ದರೆ ರಾತ್ರೋರಾತ್ರಿ ಬೀದಿಗೆ ತಳ್ಳಬಹುದಿತ್ತೇ? ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಕೊಡುವುದು ‘ನಾಗರಿಕ’ನಿಗಲ್ಲ, ‘ವ್ಯಕ್ತಿ’ಗೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನೇ ಎತ್ತಿಹಿಡಿಯಿತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿಜ. ಸಂವಿಧಾನವಂತೂ ನಮ್ಮದೇ. ಬಂದವರಿಗೆಲ್ಲ ಪೌರತ್ವ ಕೊಡಿ ಎಂದು ಅದು ಹೇಳುವುದಿಲ್ಲ; ದಾಖಲೆ ಪರಿಶೀಲಿಸುವ, ಕಾನೂನಿನಂತೆ ಹೊರಕಳಿಸುವ ಅಧಿಕಾರ ಸರ್ಕಾರಕ್ಕಿದೆ. ಆದರೆ ಆ ವಿಚಾರಣೆ ಮುಗಿಯುವವರೆಗೂ ನೀರು, ಸೂರು, ಚಿಕಿತ್ಸೆ ಯಾರ ಕೃಪೆಯೂ ಆಗಬಾರದು.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇಲ್ಲೊಂದು ಸಣ್ಣ ಕೆಲಸವಿದೆ. ಬೈಲಕುಪ್ಪೆಯ ಮೇಲಿನ ಮುಂದಿನ ಲೇಖನ ಓದುವಾಗ ಅದರ ಕ್ರಿಯಾಪದಗಳನ್ನು ಗಮನಿಸೋಣ. ಎಲ್ಲೆಡೆ ‘ಕೊಟ್ಟೆವು’ ಎಂದೇ ಇದ್ದು, ‘ಕೊಡಬೇಕಿತ್ತು’ ಎಂಬುದು ಒಮ್ಮೆಯೂ ಬಾರದಿದ್ದರೆ, ಆ ಲೇಖಕರು ಇನ್ನೂ ಅರಿಕೇಸರಿಯ ಆಸ್ಥಾನದಲ್ಲೇ ಇದ್ದಾರೆ.