ಹುದುಗಿದ ಶುಂಠಿಪಾನೀಯ ಮತ್ತು ಶ್ರಾವಕಾಚಾರ

ಅಮೆರಿಕದ ಸ್ಯಾಂಡರ್ ಕಾಟ್ಜ್ ಅವರ 'ವೈಲ್ಡ್ ಫರ್ಮೆಂಟೇಶನ್' ಗ್ರಂಥವು 2003ರಲ್ಲಿ ಪ್ರಕಟವಾಯಿತು. ಆಹಾರಪದಾರ್ಥಗಳನ್ನು ಮನೆಯಲ್ಲಿಯೇ ಹುದುಗೆಬ್ಬಿಸುವ ಕ್ರಮವನ್ನು ಬೋಧಿಸುವ ಈ ಕೃತಿಯಲ್ಲಿ ಶುಂಠಿಪಾನೀಯಕ್ಕೂ ಸ್ಥಾನವಿದೆ. ಅಹಿಂಸೆಯ ದೃಷ್ಟಿಯಿಂದ ಆ ಭಾಗವು ಪರಾಮರ್ಶೆಗೆ ಯೋಗ್ಯವಾಗಿದೆ.

ವಿಧಾನ ಸರಳವಾದುದು. ಒಂದು ಬಟ್ಟಲು ನೀರಿಗೆ ಸಿಪ್ಪೆಸಹಿತ ತುರಿದ ಹಸಿಶುಂಠಿ 2 ಟೀ ಚಮಚ, ಸಕ್ಕರೆ 2 ಟೀ ಚಮಚ ಬೆರೆಸಿ ಬಟ್ಟೆ ಮುಚ್ಚಿಡಬೇಕು. ಗುಳ್ಳೆಗಳೇಳುವವರೆಗೆ ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಅಷ್ಟನ್ನೇ ಮತ್ತೆ ಸೇರಿಸಬೇಕು. ಈ ಹೆಪ್ಪನ್ನು ಶುಂಠಿ, ಸಕ್ಕರೆ ಹಾಕಿ ಕುದಿಸಿ ಆರಿಸಿದ ನೀರಿಗೆ ಬೆರೆಸಿ ಸೀಸೆಗಳಲ್ಲಿ ಬಿಗಿದಿಡಬೇಕು. ಶುಂಠಿಯ ಸಿಪ್ಪೆಯ ಮೇಲಿನ ಯೀಸ್ಟ್, ಬ್ಯಾಕ್ಟೀರಿಯಾಗಳು ಸಕ್ಕರೆಯನ್ನುಂಡು ವೃದ್ಧಿಸಿ ಆಮ್ಲ, ಅನಿಲ, ಅಲ್ಪ ಮದ್ಯಸಾರಗಳನ್ನು ಉಂಟುಮಾಡುತ್ತವೆ. ಇಂಗ್ಲೆಂಡಿನ ಶುಂಠಿಬಿಯರಿನ ಹೆಪ್ಪು ಇಂತಹ ಎರಡು ಬಗೆಯ ಜೀವಿಗಳ ಸಹವಾಸವೆಂದು ಹ್ಯಾರಿ ಮಾರ್ಷಲ್ ವಾರ್ಡ್ 1892ರಲ್ಲಿಯೇ ತೋರಿಸಿದ್ದರು.

ಕಾಟ್ಜ್ ಅವರ ಗುಣ ಪ್ರಾಮಾಣಿಕತೆ. ಸೂಕ್ಷ್ಮಜೀವಿಗಳು ಜೀವಂತವೆಂಬುದನ್ನು ಅವರು ಮರೆಮಾಚುವುದಿಲ್ಲ, ಆದರದಿಂದಲೇ ಕಾಣುತ್ತಾರೆ. ಆದರೆ ಆ ಆದರವು ಸಾಕಿ, ಬೆಳೆಸಿ, ಕುಡಿಯುವುದರಲ್ಲಿ ಪರ್ಯವಸಾನವಾಗುತ್ತದೆ. ಜೀವವಿದೆಯೆಂಬುದೇ ಅವರಿಗೆ ಸೇವನೆಗೆ ಕಾರಣ. ಜೈನಾಚಾರಕ್ಕೆ ಅದೇ ತ್ಯಾಗಕ್ಕೆ ಕಾರಣ.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅಲ್ಪಫಲಕ್ಕಾಗಿ ಬಹುಘಾತವಾಗುವ ವಸ್ತುಗಳಲ್ಲಿ ಹಸಿಶುಂಠಿಯನ್ನು ಹೆಸರಿಸಿಯೇ ವರ್ಜಿಸಿದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಮದ್ಯವನ್ನು ರಸಜ ಜೀವಿಗಳ ಉತ್ಪತ್ತಿಸ್ಥಾನವೆನ್ನುತ್ತದೆ. ಆದುದರಿಂದ 'ಅಮಲೇರುವಷ್ಟು ಮದ್ಯಸಾರವಿಲ್ಲ' ಎಂಬ ಸಮಾಧಾನ ಅರ್ಧಪ್ರಶ್ನೆಗೆ ಮಾತ್ರ ಉತ್ತರ. ಹಸಿಶುಂಠಿಯ ಬದಲು ಒಣಶುಂಠಿ ಬಳಸಿದರೆ ಕಂದದ ದೋಷ ತಪ್ಪೀತು. ಹುದುಗಿನ ದೋಷ ಉಳಿದೇ ಇರುತ್ತದೆ.

ಇಷ್ಟಕ್ಕೇ ವಿಚಾರ ಮುಗಿದರೆ ಆತ್ಮವಂಚನೆಯಾದೀತು. ರಾತ್ರಿ ಹಿಟ್ಟು ಹುದುಗಲಿಟ್ಟು ಬೆಳಿಗ್ಗೆ ಇಡ್ಲಿ, ದೋಸೆ ಉಣ್ಣುವ ಜೈನ ಮನೆಗಳು ವಿರಳವಲ್ಲ. ಅಲ್ಲಿ ನಡೆಯುವುದೂ ಇದೇ ಕ್ರಿಯೆ; ಇರುಳಿನಲ್ಲಿ ಹುಟ್ಟಿದ ಜೀವಿಗಳು ಬೆಳಗಿನ ಹಬೆಯಲ್ಲಿ ಸಾಯುತ್ತವೆ. ಚಲಿತರಸವೆಂಬ ದೋಷವನ್ನು ಪರದೇಶದ ಸೀಸೆಗೆ ಹೇಳಿ ಮನೆಯ ಪಾತ್ರೆಗೆ ಹೇಳದಿರುವುದು ಅಭ್ಯಾಸದ ಪಕ್ಷಪಾತ. ಕೊಳ್ಳುವುದಕ್ಕೊಂದು ತೂಕ, ಮಾರುವುದಕ್ಕೊಂದು ತೂಕ ಇರಿಸಿಕೊಳ್ಳುವುದು ಅಚೌರ್ಯವ್ರತಕ್ಕೆ ಅತಿಚಾರ. ಆಹಾರವಿಚಾರದಲ್ಲಿ ಅದೇ ರೀತಿ ಗುಣವಾಗಲಾರದು.

ಶೀತಕ್ಕೆ ಶುಂಠಿ ಬೇಕಾದವರಿಗೆ ಒಣಶುಂಠಿಯ ಕಷಾಯವಿದೆ. ಕುದಿಸಿ ಆಗಲೇ ಕುಡಿದರೆ ಸಾಕು. ಕಾಟ್ಜ್ ಅವರ ಗ್ರಂಥವನ್ನು ಶ್ರಾವಕರು ಪಾನೀಯ ಮಾಡಲು ಓದಬೇಕಾಗಿಲ್ಲ. ಮುಚ್ಚಿಟ್ಟ ತಮ್ಮ ಪಾತ್ರೆಯೊಳಗೆ ರಾತ್ರಿಯೆಲ್ಲ ಏನು ನಡೆಯುತ್ತದೆಂಬುದನ್ನು ಅರಿಯಲು ಅವಶ್ಯವಾಗಿ ಓದಬಹುದು.