ಬಿರುಕಿಗೆ ಬೆಸುಗೆ

ಹಳೆಯ ಪಿಕಪ್ ಗಾಡಿಯ ಪ್ಲಾಸ್ಟಿಕ್ ಬಂಪರ್, ಚಕ್ರದ ಮೇಲಿನ ಅಂಚುಪಟ್ಟಿ ಸೀಳಲು ಬಿಸಿಲೇ ಮೊದಲ ಕಾರಣ. ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತದೆ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಚಿಂತಾಮಣಿಗೆ ಟೊಮೆಟೊ, ಚಿಕ್ಕಬಳ್ಳಾಪುರಕ್ಕೆ ಹೂವು ಹೊರುವ ಗಾಡಿಗಳಿಗೆ ಇದರ ಜೊತೆ ಹೊಲದ ದಾರಿಯ ಕುಲುಕಾಟವೂ, ಮಂಡಿಯ ಇಕ್ಕಟ್ಟಿನಲ್ಲಿ ತಗಲುವ ಪೆಟ್ಟೂ ಸೇರುತ್ತವೆ.

ರಿಪೇರಿ ಶುರುವಾಗುವುದು ಭಾಗದ ಹಿಂಬದಿಯ ಅಚ್ಚಕ್ಷರ ಓದುವುದರಿಂದ. ‘ಎಬಿಎಸ್’ ಎಂದಿದ್ದರೆ ಅಸಿಟೋನಿನಲ್ಲಿ ಕರಗಿಸಿದ ಅದೇ ಪ್ಲಾಸ್ಟಿಕ್ಕಿನ ಚೂರೇ ಅಂಟು. ‘ಪಿಪಿ’ ಎಂದರೆ ಪಾಲಿಪ್ರೊಪಿಲೀನ್. ಅದಕ್ಕೆ ಸಾಮಾನ್ಯ ಅಂಟು ಹಿಡಿಯದು, ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅದನ್ನು ಬಿಸಿಯಿಂದಲೇ ಬೆಸೆಯಬೇಕು. ಮೊದಲು ಬಿರುಕಿನ ತುದಿಗೆ 3 ಮಿಲಿಮೀಟರಿನಷ್ಟು ಸಣ್ಣ ತೂತು ಕೊರೆಯುತ್ತಾರೆ. ಈ ಕಸುಬಿನ ಅತ್ಯಂತ ಚೆಂದದ ಜಾಣ್ಮೆ ಇದು: ಚೂಪು ತುದಿಯಲ್ಲಿ ಒಂದೇ ಬಿಂದುವಿಗೆ ಬೀಳುತ್ತಿದ್ದ ಒತ್ತಡ ದುಂಡಗಿನ ಅಂಚಿನಲ್ಲಿ ಹರಡಿಕೊಳ್ಳುತ್ತದೆ, ಸೀಳು ಅಲ್ಲಿಗೇ ನಿಲ್ಲುತ್ತದೆ. ಹಿಂಬದಿಯಲ್ಲಿ ಸ್ಟೀಲ್ ಜಾಲರಿಯ ತುಂಡನ್ನು ಕಾದ ಸೋಲ್ಡರಿಂಗ್ ಐರನ್‌ನಿಂದ ಒಳಕ್ಕೆ ಇಳಿಸಿ, ಮುಂಬದಿಯಲ್ಲಿ ಕಾಲುವೆಯಂತೆ ಕೆತ್ತಿದ ಬಿರುಕಿಗೆ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬುತ್ತಾರೆ. ಹೊಗೆ ಎದ್ದರೆ ಶಾಖ ಮಿತಿಮೀರಿದೆ, ಬೆಸುಗೆ ನಿಲ್ಲದು. ಆರಿದ ಮೇಲೆ ಎಮರಿ ಪೇಪರಿನಿಂದ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಕಪ್ಪು ಬಣ್ಣ ಬಳಿಯುತ್ತಾರೆ.